ಈ ಗುಡ್ಡೆ ಯಾರಿಗೆ

ಹಾಸನದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಮಿಲ್ಟ್ರಿ ಹೋಟೆಲ್ ಇದೆ. ಬೋರ್ಡಿನ ಮೇಲೆ ಯಮುನಾ ಎಂದು ನನ್ನ ಹೆಸರೇ ಇದ್ದರೂ ಜನ ಅದನ್ನು ಬಾಯಿಜೋರಿನ ಅಕ್ಕನ ಹೋಟೆಲ್ ಎನ್ನುತ್ತಾರೆ. ಅನ್ನಲಿ ಬಿಡಿ. ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಕೈ ತೊಳೆಯಲು ಏಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. "ಯಾಕ್ ಸಾ, ಮುದ್ದೆ ಕಚ್ತಾ?" ಎಂದು ಕೇಳಿಯೇಬಿಡುತ್ತೇನೆ. ಗಲ್ಲಾದಲ್ಲಿ ಕೂತ ನನ್ನ ಯಜಮಾನರು ತಲೆ ತಗ್ಗಿಸುತ್ತಾರೆ, ಗಿರಾಕಿ ನಕ್ಕು ಮತ್ತೆ ಕೂತು ಉಣ್ಣುತ್ತಾರೆ. ಈ ಬಾಯಿ ನನಗೆ ಬಂದದ್ದು ನಮ್ಮವ್ವ ಪುಟ್ಟಲಕ್ಷ್ಮಮ್ಮನಿಂದ. ಅವಳು ಒಂದು ಅಗುಳನ್ನೂ ಕೆಡಿಸಿದವಳಲ್ಲ, ಕೆಡಿಸಿದವರನ್ನು ಬಿಟ್ಟವಳೂ ಅಲ್ಲ.

ಪಾರ್ಸೆಲ್ ವಿಷಯ ಬಂದರೆ ಮಾತ್ರ ನನ್ನ ಬಾಯಿ ಕಟ್ಟಿಹೋಗುತ್ತದೆ. ಸಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿದು ರಬ್ಬರ್ ಬ್ಯಾಂಡ್ ಸುತ್ತಿ ಕೊಡುವವಳು ನಾನೇ ತಾನೆ. ಮಣ್ಣಿನಲ್ಲಿ ಕರಗುವ ಕವರು ಬಂದಿದೆ, ಜೋಳದ ಗಂಜಿಯಲ್ಲಿ ಮಾಡಿದ್ದು ಎಂದು ಯಾರೋ ಹೇಳಿದರು, ತರಿಸಿದೆ. ಬಿಸಿ ಬೋಟಿ ಸಾರು ಹಾಕಿ ಮೊದಲ ಗಿರಾಕಿಯ ಕೈಗೆ ಕೊಟ್ಟೆ. ಅದು ಮಣ್ಣು ಸೇರುವವರೆಗೂ ಕಾಯಲಿಲ್ಲ, ಅವರ ಪ್ಯಾಂಟಿನ ಮೇಲೆಯೇ ಬಿಟ್ಟುಕೊಂಡಿತು. ಅವತ್ತಿನಿಂದ ಮತ್ತೆ ಹಳೇ ಕವರೇ. ಹಾಗಾಗಿ ನಾನೇನು ದೊಡ್ಡ ಸಾಚಾ ಎಂದುಕೊಂಡು ಈ ಕಥೆ ಹೇಳುತ್ತಿಲ್ಲ.

ಈ ಸಲ ಯುಗಾದಿಗೆ ಇನ್ನೂ ಮೂರ್ನಾಲ್ಕು ದಿನ ಇರುವಾಗ ಊರಿನಿಂದ ತಮ್ಮ ರವೀಶ ಫೋನ್ ಮಾಡಿದ. ಊರೆಂದರೆ ದುದ್ದದಿಂದ ಒಳಗೆ ಹೋದರೆ ಸಿಗುವ ಸಣ್ಣ ಹಳ್ಳಿ. ಅಪ್ಪ ಅಲ್ಲಿ ರವೀಶ ಮತ್ತು ಅವನ ಹೆಂಡತಿ ಮೇಘಶ್ರೀಯ ಜೊತೆ ಇದ್ದಾನೆ.

"ಅಕ್ಕಯ್ಯ, ಈ ಸಲನೂ ಗುಡ್ಡೆ ಇಲ್ವಂತೆ. ಅಪ್ಪ ಕೂಗಾಕಿಲ್ಲ ಅಂತ ಕುಂತದೆ. ನೀನೇ ಬಂದು ವಸಿ ಏಳು. ನಾವೇಳುದ್ರೆ ಕ್ಯಾರೇ ಅನ್ನಾಕಿಲ್ಲ."

ಗುಡ್ಡೆ ಎಂದರೇನೆಂದು ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು, ಅದಕ್ಕೇ ಹೇಳುತ್ತೇನೆ ಕೇಳಿ. ಯುಗಾದಿಯ ಮರುದಿನ ವರ್ಷದ ತೊಡಕು. ಅವತ್ತು ನಮ್ಮ ಕಡೆ ಬಾಡಿಲ್ಲದ ಒಲೆ ಇರುವುದಿಲ್ಲ. ನಮ್ಮೂರಿನಲ್ಲಿ ಅದಕ್ಕಾಗಿ ಅಂಗಡಿಗೆ ಹೋಗುವ ರೂಢಿ ಇರಲಿಲ್ಲ. ಊರವರೆಲ್ಲ ಸೇರಿ ಟಗರುಗಳನ್ನು ತಂದು, ಕೆರೆ ಏರಿಯ ಕೆಳಗಿನ ಹುಣಸೆ ಮರದಡಿ ಬೆಳಗ್ಗೆಯೇ ಕೊಯ್ದು, ಮನೆಗೊಂದರಂತೆ ಮುತ್ತುಗದ ಊಟದೆಲೆಗಳನ್ನು ಸಾಲಾಗಿ ಹಾಸುತ್ತಿದ್ದರು. ಒಂದೊಂದು ಎಲೆಯ ಮೇಲೂ ಒಂದೊಂದು ಗುಡ್ಡೆ. ಪ್ರತಿ ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಪಕ್ಕೆ, ಒಂದು ಚೂರು ಲಿವರು, ಒಂದು ಹಿಡಿ ಬೋಟಿ, ತಲೆ ಕಾಲಿನಲ್ಲೂ ಒಂದು ಪಾಲು. ಎಲೆ ತೆರೆದೇ ಇರುತ್ತಿತ್ತು, ಯಾವ ಗುಡ್ಡೆಯಲ್ಲಿ ಏನಿದೆ ಎಂಬುದು ಊರಿಗೆಲ್ಲ ಕಾಣುತ್ತಿತ್ತು. ಬೇಡವೆಂದು ಎಸೆಯುವ ಭಾಗ ಎನ್ನುವುದೇ ಅಲ್ಲಿರಲಿಲ್ಲ.

ಯಾವ ಗುಡ್ಡೆ ಯಾವ ಮನೆಗೆ ಎಂದು ಹೇಳುವವನು ನಮ್ಮಪ್ಪ ದೊಡ್ಡಬೀರಯ್ಯ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು, ಗುಡ್ಡೆಗಳಿಗೆ ಬೆನ್ನು ಮಾಡಿ, ಕೆರೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಅವನ ಜೊತೆಗಾರ ನಂಜಯ್ಯ ಒಂದು ಕೋಲು ಹಿಡಿದು ಯಾವುದೋ ಒಂದು ಗುಡ್ಡೆಯ ಮುಂದೆ ಕುಟ್ಟಿ, "ಈ ಗುಡ್ಡೆ ಯಾರ್ಗೇ?" ಎಂದು ಕೇಳುತ್ತಿದ್ದ. ಅಪ್ಪ ತಿರುಗಿ ನೋಡದೆ ಒಂದು ಹೆಸರು ಕೂಗುತ್ತಿದ್ದ. ಆ ಹೆಸರಿನವರು "ಬಂದೆ" ಎಂದು ಮುಂದೆ ಬಂದು, ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳಬೇಕು. ಕಾಣದೆ ಕೂಗಿದ್ದಕ್ಕೆ ಯಾರೂ ತಕರಾರು ತೆಗೆಯುವ ಹಾಗಿಲ್ಲ.

ಕೂಗುವುದು ಹೆಂಗಸರ ಹೆಸರು. ಇದು ನಮ್ಮೂರಿನದೇ ರೂಢಿ, ಮಾಡಿದವಳು ನಮ್ಮವ್ವ. ಮೊದಲು ಗಂಡಸರ ಹೆಸರನ್ನೇ ಕೂಗುತ್ತಿದ್ದರಂತೆ. ಅವ್ವ ಮದುವೆಯಾಗಿ ಬಂದ ವರ್ಷ, ಗುಡ್ಡೆ ಹಿಡಿದ ಗಂಡಸರಲ್ಲಿ ಅರ್ಧಕ್ಕರ್ಧ ಜನ ಸೀದಾ ಸಾರಾಯಿ ಅಂಗಡಿಗೆ ಹೋಗಿ, ಅಲ್ಲೇ ಹುರಿಸಿಕೊಂಡು ತಿಂದು, ಮನೆಗೆ ಬರಿ ಎಲೆ ತಂದರಂತೆ. ಮಸಾಲೆ ಅರೆದಿಟ್ಟು ಕೂತ ಹೆಂಗಸರಿಗೆ ಹೇಗಾಗಿರಬೇಡ! ಮರುವರ್ಷ ಇನ್ನೂ ಹೊಸ ಸೊಸೆಯಾಗಿದ್ದ ಅವ್ವ ಸೆರಗು ಬಿಗಿದು ಹುಣಸೆ ಮರದಡಿಗೆ ಬಂದು, "ಬೇಯ್ಸೋರ ಹೆಸ್ರ ಕೂಗಿ. ನಾವೇ ಬಂದು ತಗಂಡೋಯ್ತೀವಿ. ಇಲ್ದಿದ್ರೆ ಇವತ್ತು ಯಾವ್ ಮನೇಲೂ ಒಲೆ ಅತ್ತಾಕಿಲ್ಲ" ಎಂದಳಂತೆ. ಊರ ಹೆಂಗಸರೆಲ್ಲ ಅವಳ ಹಿಂದೆ ನಿಂತಿದ್ದರಂತೆ.

ಅದರಿಂದ ಆದ ಒಂದು ತಮಾಷೆ ಹೇಳಬೇಕು. ಆಗೆಲ್ಲ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಪ್ಪನಿಗೆ ಅವ್ವ ಯಾವತ್ತೂ "ಇವಳೇ". ವರ್ಷವೆಲ್ಲ "ಇವಳೇ ನೀರು ಕೊಡು", "ಇವಳೇ ಎಲ್ಲೋದೆ". ತೊಡಕಿನ ದಿನ ಮಾತ್ರ ಅವನು ಅವಳ ಹೆಸರನ್ನು ಬಾಯಿ ತುಂಬ ಕೂಗಬೇಕಾಗಿತ್ತು. ಅದನ್ನು ಯಾವಾಗಲೂ ಕಟ್ಟಕಡೆಗೆ ಇಟ್ಟುಕೊಳ್ಳುತ್ತಿದ್ದ, ಏಕೆಂದರೆ ಕೂಗುವವನ ಮನೆಗೆ ಉಳಿದ ಗುಡ್ಡೆ. "ಪುಟ್ಟಲಕ್ಷ್ಮೀಗೇ!" ಎಂದರೆ ಕೆರೆಯ ಆಚೆ ದಡಕ್ಕೂ ಕೇಳಬೇಕು. ಊರನ್ನೇ ಹೆದರಿಸುವ ಅವ್ವ ಆಗ ಮಾತ್ರ ತಲೆ ಬಗ್ಗಿಸಿ, ಕೇಳಿಸಿಯೂ ಕೇಳಿಸದ ಹಾಗೆ "ಬಂದೆ" ಎನ್ನುತ್ತಿದ್ದಳು. ಹೆಂಗಸರು ಅವಳನ್ನು ತಿವಿದು, "ಇದೊಂದ್ ಕೂಗ್ಗೆ ವರ್ಸವೆಲ್ಲ ಕಾಯ್ತಳೆ ನೋಡ್ರೇ" ಎಂದು ರೇಗಿಸುತ್ತಿದ್ದರು. ಅವಳಿಗೆ ಮೊಮ್ಮಕ್ಕಳಾದ ಮೇಲೂ ಅದೇ ನಾಚಿಕೆ, ಅದೇ ತಲೆ ಬಗ್ಗಿಸುವುದು. ನಾನು ಗಂಡನ ಮನೆಗೆ ಹೋದ ಮೇಲೂ ತೊಡಕಿಗೆ ಊರಿಗೆ ಓಡಿ ಬರುತ್ತಿದ್ದುದು ಬಾಡಿನ ಆಸೆಗಲ್ಲ, ಅದನ್ನು ನೋಡುವುದಕ್ಕೆ.

ಹೋದ ವರ್ಷ ಮಾಘದಲ್ಲಿ ಅವ್ವ ತೀರಿಕೊಂಡಳು. ಹಾಗಾಗಿ ಆ ಯುಗಾದಿಗೆ ನಮ್ಮ ಮನೆಯಲ್ಲಿ ಹಬ್ಬವಿಲ್ಲ, ಅಪ್ಪ ಕೂಗಲು ಹೋಗುವ ಹಾಗಿಲ್ಲ. ಊರಿನ ಹುಡುಗರ ಪೈಕಿ ಸುದರ್ಶನ ಎಂಬವನು ಮುಂದೆ ನಿಂತು ಹಾಸನದ ಅಂಗಡಿಗೆ ಕೇಜಿ ಲೆಕ್ಕದಲ್ಲಿ ಬಾಡು ಹೇಳಿದ. ಅಂಗಡಿಯವರು ಊರಿಗೇ ಬಂದು ಟಗರು ಕೊಯ್ದು, ಕಪ್ಪು ಕವರಿಗೆ ಹಾಕಿ ತೂಗಿ ಕೊಟ್ಟರು. ಸುದರ್ಶನ ಕೆಟ್ಟವನಲ್ಲ, ಶುಂಠಿ ಬೆಳೆಯುತ್ತಾನೆ, ಊರಿನ ಕೆಲಸಕ್ಕೆ ಕರೆದರೆ ಬರುತ್ತಾನೆ. ಆದರೆ ಆರಿಸಿಕೊಳ್ಳುವ ಹಾಗಾದ ಮೇಲೆ ಎಲ್ಲರಿಗೂ ತೊಡೆಯೇ ಬೇಕು. ಟಗರಿಗೆ ಬರಿ ತೊಡೆಯೇ ಇರುತ್ತಾ? ಬೋಟಿ, ತಲೆ, ಕಾಲು ಯಾರಿಗೂ ಬೇಡವಾಗಿ ಕೆರೆಯ ಹಿಂದೆ ಬಿದ್ದು ನಾತ ಹೊಡೆದವು. ಕಪ್ಪು ಕವರುಗಳು ಬೇಲಿಗೆ ಸಿಕ್ಕಿಕೊಂಡು ಹಾರಾಡಿದವು. ಉಂಡುಳಿದದ್ದನ್ನು ತುಂಬಿ ಎಸೆದು ಉಪ್ಪು ಮಸಾಲೆ ಮೆತ್ತಿದ ಆ ಕವರುಗಳನ್ನು ರವೀಶನ ಕರಾವಿನ ಹಸು ತಿಂದು, ಹೊಟ್ಟೆ ಉಬ್ಬಿ, ದುದ್ದದಿಂದ ಡಾಕ್ಟರು ಬಂದರೂ ಉಳಿಯಲಿಲ್ಲ. ಮೇಘಶ್ರೀ ಆ ಹಸುವಿಗಾಗಿ ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗಾಗಿ ಹೋಟೆಲನ್ನು ಯಜಮಾನರಿಗೆ ಒಪ್ಪಿಸಿ ಹಬ್ಬಕ್ಕೆ ಮುಂಚೆಯೇ ಊರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಕೂತಿದ್ದ. ಸುದರ್ಶನ ಅಲ್ಲೇ ಬೈಕು ನಿಲ್ಲಿಸಿಕೊಂಡು ಅವನನ್ನು ಒಪ್ಪಿಸಲು ನೋಡುತ್ತಿದ್ದ.

"ತಾತ, ನೀವು ಕೂಗ್ತೀನಿ ಅಂದ್ರೆ ಗುಡ್ಡೇನೇ ಮಾಡವ. ಮರಿ ನಾವ್ ತತ್ತೀವಿ, ನಾವೇ ಕುಯ್ತೀವಿ. ಇಲ್ಲಾಂದ್ರೆ ಅಬ್ಬದ ಸಾಯಂಕಾಲ ನಾನು ಆಸನದ ಅಂಗಡಿಗೆ ಏಳ್ಬೇಕು. ಎರಡ್ ವರ್ಸ ತಪ್ಪೋದ್ರೆ ಆಮ್ಯಾಕೆ ಗುಡ್ಡೆ ಅಂತ ಕೇಳೋರೂ ಇರಾಕಿಲ್ಲ ನೋಡಿ."

"ನನ್ ಗಂಟ್ಲು ವೋಗೈತೆ ಕಣ್ಲಾ. ಬ್ಯಾರೇರು ಕೂಗ್ಲಿ."

"ಬ್ಯಾರೇರು ಕೂಗುದ್ರೆ ನಂಬ್ತಾರಾ ಜನ? ಅವನ ಕಡೆ ಇವನ ಕಡೆ ಅಂತ ಜಗಳ ಬತ್ತದೆ."

ಅಪ್ಪ ಆ ಕಡೆ ಈ ಕಡೆ ನೋಡಿದ. "ಅಲ್ದೆ ಎಲೆ ಎಲ್ಲೈತೆ? ಕವರ್ ಮ್ಯಾಲೆ ಗುಡ್ಡೆ ಆಕೋ ಅಂಗಿದ್ರೆ ನಾ ಬರಾಕಿಲ್ಲ" ಎಂದ.

ನನಗೆ ಅಷ್ಟೇ ಸಾಕಾಯಿತು. "ಎಲೆ ತಾನೆ? ನಾ ತತ್ತೀನಿ. ತಂದ್ರೆ ಕೂಗ್ತೀಯಾ?" ಎಂದೆ.

ಅಪ್ಪ ನನ್ನನ್ನೇ ನೋಡಿದ. ಮೀಸೆಯ ಕೆಳಗೆ ಒಂದು ಸಣ್ಣ ನಗು ಬಂದ ಹಾಗಿತ್ತು. "ತಾ. ಮುತ್ತುಗದೆಲೆ ತಾ ನೋಡವ. ತಂದ್ರೆ ಕೂಗ್ತೀನಿ."

ಸುದರ್ಶನನ ಮುಂದೆ ಮಾತಾಯಿತು, ನಾನು ಗೆದ್ದೆ ಎಂದು ಬೀಗಿದೆ. ಮರುದಿನ ಬೆಳಗ್ಗೆ ರವೀಶನ ಸ್ಕೂಟರಿನಲ್ಲಿ ಮೇಘಶ್ರೀಯನ್ನು ಹಿಂದೆ ಕೂರಿಸಿಕೊಂಡು, ಎರಡು ಗೋಣಿಚೀಲ ಇಟ್ಟುಕೊಂಡು, ಊರ ಹಿಂದಿನ ಗೋಮಾಳಕ್ಕೆ ಹೋದೆ. ದಿಣ್ಣೆ ಹತ್ತಿ ನೋಡಿದರೆ ಮುತ್ತುಗದ ಮರಗಳು ಒಂದೇ ಒಂದು ಎಲೆಯಿಲ್ಲದೆ, ಮೈತುಂಬ ಕೆಂಪು ಹೂ ಬಿಟ್ಟುಕೊಂಡು ನಿಂತಿದ್ದವು. ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಹಾಕ! ಯುಗಾದಿಯಲ್ಲಿ ಮುತ್ತುಗ ಬೋಳು ನಿಂತು ಹೂ ಬಿಡುತ್ತದೆ ಎಂಬುದು ಈ ಊರಿನಲ್ಲಿ ಹುಟ್ಟಿದ ಯಾವ ಮಗುವಿಗೆ ಗೊತ್ತಿಲ್ಲ? ಹೋಟೆಲಿನ ಒಲೆ ಮುಂದೆ ನಿಂತು ನಿಂತು ನಾನು ಕಾಲವನ್ನೇ ಮರೆತಿದ್ದೆ. ಅಪ್ಪನ ಮೀಸೆಯ ನಗು ಆಗ ಅರ್ಥವಾಯಿತು.

ಹಿಂದೆ ತಿರುಗಿದರೆ ಮೇಘಶ್ರೀ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅವಳು ಅರಕಲಗೂಡಿನ ಕಡೆಯವಳು, ಮಾತು ಕಡಿಮೆ.

"ನಿಂಗ್ ಗೊತ್ತಿತ್ತಾ?" ಎಂದು ಗದರಿದೆ.

"ಗೊತ್ತಿತ್ತು ಅತ್ತಿಗೆ. ನೀವ್ ಕೇಳಿದ್ರಾ? ಎಲ್ಮೆಟ್ ಆಕಂಡು ಒಂಟೇಬುಟ್ರಲ್ಲ."

ಇಬ್ಬರೂ ದಿಣ್ಣೆಯ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಅವ್ವನ ನೆನಪು ಒತ್ತರಿಸಿ ಬಂತು. ಕಾರ್ತೀಕದಲ್ಲಿ ಮಂಜು ಬೀಳುವ ಬೆಳಗಿನಲ್ಲಿ ಅವ್ವ ನನ್ನನ್ನು ಇದೇ ದಿಣ್ಣೆಗೆ ಕರೆತರುತ್ತಿದ್ದಳು. ಒಂದೊಂದು ತೊಟ್ಟಿಗೂ ಮೂರು ಎಲೆ, ತೀರಾ ಎಳಸೂ ಅಲ್ಲ, ತೀರಾ ಬಲಿತದ್ದೂ ಅಲ್ಲ. ಮನೆಗೆ ತಂದು, ಕಾಲು ಚಾಚಿ ಕೂತು, ಬಿದಿರಿನ ಸೀಳುಕಡ್ಡಿಯಲ್ಲಿ ಜೋಡಿಸಿ ಊಟದೆಲೆ ಹಚ್ಚುತ್ತಿದ್ದಳು. ಕಡ್ಡಿ ಚುಚ್ಚಿ, ಮಿಕ್ಕ ತುದಿಯನ್ನು ಹಲ್ಲಿನಿಂದ ಕಟುಮ್ ಎಂದು ಕಡಿದು, ಮತ್ತೆ ಚುಚ್ಚುವುದು. ಮಾತೂ ನಡೆಯುತ್ತಿತ್ತು, ಬೈಗುಳವೂ ನಡೆಯುತ್ತಿತ್ತು, ಎಲೆಯೂ ಆಗುತ್ತಿತ್ತು. ಹಚ್ಚಿದ ಎಲೆಗಳನ್ನು ಕಲ್ಲಿನ ಕೆಳಗೆ ಒತ್ತಿ, ಒಣಗಿಸಿ, ಕಟ್ಟು ಕಟ್ಟಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದಳು. ಯುಗಾದಿಗೆ ಇಳಿಸಿ ನೀರು ಚಿಮುಕಿಸಿದರೆ ಅವು ಮತ್ತೆ ಮೆತ್ತಗಾಗಿ, ಮನೆಯೆಲ್ಲ ಒಂದು ಥರ ಹೊಗೆ ಹೊಗೆಯಾದ ಕಾಡಿನ ವಾಸನೆ ಬರುತ್ತಿತ್ತು. ಆ ವಾಸನೆಗೆ ನಾನು ಈಗಲೂ ಏನು ಬೇಕಾದರೂ ಕೊಟ್ಟೇನು.

"ಈಗ ಏನ್ ಮಾಡದೇ ಮೇಘಾ? ಬಾಳೆಲೆ ತರುಸ್ಲಾ? ಎತ್ತಿದ್ರೆ ಸೀಳೋಯ್ತದೆ. ಅಡಿಕೆ ಆಳೆ ತಟ್ಟೆ ತಂದ್ರೆ ಅಪ್ಪ ಮುತ್ತುಗ ಅಂದಿದ್ನಲ್ಲ ಅಂತ ಜಾರ್ಕತದೆ."

ಮೇಘಶ್ರೀ ಬರಿ ಗೋಣಿಚೀಲಗಳನ್ನು ಮಡಿಸಿದಳು. ಆಮೇಲೆ, "ಅತ್ತೆ ಅಚ್ಚಿದ್ದು ಐತಲ್ಲ, ಅಟ್ಟದ ಮ್ಯಾಲೆ" ಎಂದಳು.

ಅವ್ವ ಸಾಯುವ ಮುಂಚಿನ ಕಾರ್ತೀಕದಲ್ಲಿ ಹಚ್ಚಿಟ್ಟ ಕಟ್ಟು ಹಾಗೇ ಇತ್ತಂತೆ. ಮಳೆಗಾಲ ಕಳೆದ ಮೇಲೆ ಅಪ್ಪ ತಾನೇ ಏಣಿ ಹತ್ತಿ ಇಳಿಸಿ, ಅಂಗಳದಲ್ಲಿ ಒಂದೊಂದನ್ನೇ ಬಿಸಿಲಿಗೆ ಹರಡಿ, ಪಂಚೆಯಿಂದ ಒರೆಸಿ, ಮತ್ತೆ ಕಟ್ಟಿ ಇಟ್ಟನಂತೆ. ಒಂದು ಸಲ ಮನೆಗೆ ನೆಂಟರು ಬಂದಾಗ ಮೇಘಶ್ರೀ ನಾಲ್ಕು ಎಲೆ ಇಳಿಸಿದ್ದಕ್ಕೆ ಅವಳ ಕೈಯಿಂದ ಕಿತ್ತುಕೊಂಡು, ಎರಡು ದಿನ ಮಾತು ಬಿಟ್ಟನಂತೆ.

"ನಾನೇನ್ ಕದ್ದು ಮಾರ್ಕಂತಿದ್ನಾ ಅತ್ತಿಗೆ? ಆ ಮನೇಲಿ ಒಲೆ ನಂದು ಅಷ್ಟೇಯಾ. ಅಟ್ಟ ಇನ್ನೂ ಅತ್ತೇದೇ." ಅವಳ ಕಣ್ಣು ತುಂಬಿತ್ತು. ಚೀಲಗಳನ್ನು ನಾನೇ ಎತ್ತಿಕೊಂಡು ಅವಳ ಜೊತೆ ದಿಣ್ಣೆ ಇಳಿದೆ.

ಯುಗಾದಿಯ ದಿನ ಬೇವು ಬೆಲ್ಲ ತಿಂದು, ಒಬ್ಬಟ್ಟಿನ ಊಟ ಮುಗಿಸಿ, ಅಪ್ಪ ಜಗಲಿಗೆ ಹೋದ ಮೇಲೆ ನಾನು ಏಣಿ ಹತ್ತಿದೆ. ಕಟ್ಟು ಎತ್ತುವಷ್ಟರಲ್ಲಿ ಸದ್ದು ಕೇಳಿಸಿಕೊಂಡು ಅಪ್ಪ ಒಳಗೆ ಬಂದ.

"ಇಳ್ಯೇ ಕೆಳಿಕೆ! ಅದ್ನ ಮುಟ್ಟುದ್ರೆ ಮಗ್ಳು ಅಂತ ನೋಡಾಕಿಲ್ಲ!"

"ಯೇ, ನೋಡ್ಬ್ಯಾಡ ಓಗು!" ಎಂದು ನಾನೂ ಕೂಗಿ, ಕಟ್ಟನ್ನು ಎದೆಗೆ ಅವುಚಿಕೊಂಡು ಇಳಿದೆ. ನೆಲಕ್ಕೆ ಇಟ್ಟದ್ದೇ ತಡ, ಅಡಿಯಿಂದ ಕಂದು ಪುಡಿ ಸುರಿಯಿತು. ಬಾಳೆನಾರು ಬಿಚ್ಚಿ ನೋಡಿದರೆ ಕೆಳಗಿನ ಎಲೆಗಳಿಗೆ ಹುಳ ಬಿದ್ದು, ಜರಡಿಯ ಹಾಗೆ ತೂತಾಗಿದ್ದವು. ಗ್ಯಾಸ್ ಒಲೆ ಬಂದ ಮೇಲೆ ಅಟ್ಟಕ್ಕೆ ಹೊಗೆ ಎಲ್ಲಿಯದು? ಅವನು ಎಷ್ಟು ಬಿಸಿಲಿಗೆ ಹಾಕಿದರೂ ಎಲೆ ಎಲೆಯೇ ಅಲ್ಲವೇ.

ಅಪ್ಪ ನೆಲದ ಮೇಲೆ ಕೂತು ಆ ಪುಡಿಯನ್ನು ಬೆರಳಿನಿಂದ ಸವರಿದ. ನನಗೆ ಪಾಪ ಅನ್ನಿಸಿತು, ಆದರೂ ಸಿಟ್ಟು ಇಳಿದಿರಲಿಲ್ಲ.

"ಅವ್ವ ಒಂದ್ ತುತ್ತು ಕೆಡ್ಸುದೋಳಲ್ಲ ಅಪ್ಪ. ಅಳಸಿದ ಅನ್ನಾನೂ ಸಂಡಿಗೆ ಮಾಡಿ ಒಣಗಾಕ್ತಿದ್ಲು. ಜನ ಉಣ್ಲಿ ಅಂತ ಅಚ್ಚಿಟ್ಟೋಳ ಎಲೆನ ನೀನು ಉಳಕ್ಕೆ ಉಣ್ಣುಸ್ತಾ ಇದ್ದೀಯಲ್ಲ!"

ಅವನು ಒಂದು ಎಲೆಯನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದ. ಕಡ್ಡಿಯ ತುದಿ ಹಲ್ಲಿಗೆ ಸಿಕ್ಕಿ ಜಜ್ಜಿದ ಹಾಗೆ ಚಪ್ಪಟೆಯಾಗಿತ್ತು. "ಇದು ಅವಳ ಅಲ್ಲಿನ್ ಗುರ್ತು ಕಣೇ ಯಮುನಿ. ಒಂದೊಂದ್ ಕಡ್ಡೀಲೂ ಐತೆ ನೋಡು. ಅವಳ್ದು ಅಂತ ಇನ್ನೇನೈತೆ ನಂತಾವ?"

ಬಾಗಿಲ ಹತ್ತಿರ ಮೇಘಶ್ರೀ ನಿಂತಿದ್ದಳು, ರವೀಶನೂ ಬಂದಿದ್ದ. ಅಪ್ಪ ಯಾರ ಮುಖವನ್ನೂ ನೋಡದೆ ಮಾತಾಡಿದ.

"ಗಂಟ್ಲೇನೂ ವೋಗಿಲ್ಲ. ಕೂಗಾಕೆ ನಿಂತ್ರೆ ಕೊನೇಗೆ ಅವಳ ಎಸ್ರೇ ಬಾಯಿಗ್ ಬತ್ತದೆ. ಅಷ್ಟ್ ವರ್ಸ ಕೂಗಿದೀನಿ. ಕೂಗ್ದೆ ಇರಾಕಾಗಾಕಿಲ್ಲ. ಕೂಗುದ್ರೆ, ಬಂದೆ ಅನ್ನೋರು ಯಾರೇ?"

ಇದಿತ್ತು ಅವನ ಹೊಟ್ಟೆಯೊಳಗೆ. ಗಂಟಲಿನ ನೆಪ, ಎಲೆಯ ನೆಪ, ಎಲ್ಲ ಇದಕ್ಕೇ.

"ಈಗ ಬೇಯ್ಸೋಳು ಮೇಘ ಅಲ್ವಾ? ಮೇಘಶ್ರೀಗೆ ಅಂತ ಕೂಗು. ಅವ್ವ ಮಾಡುದ್ ಕಾಯ್ದೆನೇ ಅದು" ಎಂದೆ.

ಅಪ್ಪ ಎಲೆಗಳನ್ನು ಒಂದೊಂದಾಗಿ ಎತ್ತಿ, ಗಟ್ಟಿಯಾದದ್ದನ್ನು ಬಲಕ್ಕೆ, ಹುಳ ತಿಂದದ್ದನ್ನು ಎಡಕ್ಕೆ ಇಡತೊಡಗಿದ. ಮೇಘಶ್ರೀ ಹತ್ತಿರ ಬಂದು ಕೂತು ತಾನೂ ಆರಿಸಿದಳು. ಅವನು ತಡೆಯಲಿಲ್ಲ. ಸಾಯಂಕಾಲ ರವೀಶ ಸುದರ್ಶನನಿಗೆ ಫೋನ್ ಮಾಡಿ, "ಅಂಗಡಿಗೆ ಏಳ್ಬ್ಯಾಡ ಕಣಪ್ಪ" ಎಂದ. ಗಟ್ಟಿ ಎಲೆಗಳು ಊರಿನ ಮನೆಗಳಿಗೆ ಸರಿಯಾಗಿ ಸಾಲುವಷ್ಟೇ ಇದ್ದವು. ಅದರಲ್ಲಿ ಒಂದನ್ನು ಅಪ್ಪ ಯಾರೂ ನೋಡಲಿಲ್ಲ ಎಂದುಕೊಂಡು ಕಂಬಳಿಯೊಳಗೆ ಸೇರಿಸಿದ. ನಾನು ನೋಡಿದೆ, ಆದರೆ ಬಾಯಿ ಬಿಡಲಿಲ್ಲ. ಒಂದಿರಲಿ ಪಾಪ ಅನ್ನಿಸಿತು.

ತೊಡಕಿನ ಬೆಳಗ್ಗೆ ಎಲೆಗಳಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿದೆ. ಬಟ್ಟೆ ತೆಗೆದರೆ ಅದೇ ವಾಸನೆ, ಅವ್ವ ಪಕ್ಕದಲ್ಲೇ ಕೂತ ಹಾಗೆ. ಆದರೆ ಅಳುವ ಹಾಗಿಲ್ಲ. ತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಮಾಡುತ್ತೇವೆ ಎಂದು ಅವ್ವನ ನಂಬಿಕೆ. ಅವತ್ತು ಜಗಳ ಆಡಿದರೆ, ಕಣ್ಣೀರು ಹಾಕಿದರೆ ಬಾರುಕೋಲು ಹಿಡಿದು ಬರುತ್ತಿದ್ದಳು.

ಹುಣಸೆ ಮರದಡಿ ಊರೇ ಸೇರಿತ್ತು. ಸುದರ್ಶನ ಮತ್ತು ಅವನ ಗೆಳೆಯರು ಕೊಯ್ದು ಕತ್ತರಿಸಿ ಗುಡ್ಡೆ ಹಾಕಿದರು. ಬೋಟಿ ಒಂದು ಎಲೆಗೆ ಹೆಚ್ಚಾಯಿತು, ಒಂದಕ್ಕೆ ಕಡಿಮೆಯಾಯಿತು ಎಂದು ಹೆಂಗಸರು ಕೂಗಿ ಕೂಗಿ ಸರಿ ಮಾಡಿಸಿದರು. ಹೋದ ವರ್ಷ ಅದೇ ಬೋಟಿಯನ್ನು ಬೇಡವೆಂದು ಎಸೆದವರು ಇವರೇ! ಎಲ್ಲ ಮುಗಿದಾಗ ಕೊನೆಯ ಗುಡ್ಡೆಗೆ ಎಲೆ ಸಾಲಲಿಲ್ಲ.

"ನಮ್ದಕ್ಕೆ ಬಾಳೆಲೆ ಆಕವ ಬುಡು" ಎಂದ ರವೀಶ.

ಅಪ್ಪ ಕಂಬಳಿಯೊಳಗೆ ಕೈ ಹಾಕಿ ಆ ಒಂದು ಎಲೆಯನ್ನು ತೆಗೆದು ಕೊಟ್ಟ. ಅದು ಒಣಗಿಯೇ ಇತ್ತು. ಮೇಘಶ್ರೀ ಕೆರೆಗೆ ಹೋಗಿ ಅದನ್ನು ನೆನೆಸಿ ತಂದು ಸಾಲಿನ ಕೊನೆಗೆ ಹಾಸಿದಳು.

ಅಪ್ಪ ಬೆನ್ನು ಮಾಡಿ ನಿಂತ. ನಂಜಯ್ಯ ಕೋಲು ಕುಟ್ಟಿದ.

"ಈ ಗುಡ್ಡೆ ಯಾರ್ಗೇ?"

"ಕಾಮಾಕ್ಷಮ್ಮಂಗೇ!"

"ಬಂದೆ!"

ಅಬ್ಬಾ, ಗಂಟಲು ಎಂದರೆ ಗಂಟಲು! ಕೆರೆಯ ಮೇಲಿದ್ದ ಬೆಳ್ಳಕ್ಕಿ ಎದ್ದು ಹಾರಿದವು. ಶಾಂತಕುಮಾರಿಗೆ, ಮಾನಸಂಗೆ, ಗಂಗಯ್ಯನ ಸೊಸೆ ದೀಪಶ್ರೀಗೆ, ಒಬ್ಬೊಬ್ಬರಾಗಿ ಬಂದೆ ಬಂದೆ ಎಂದು ಎಲೆ ಎತ್ತಿಕೊಂಡು ಹೋದರು. ಹೋಗುವಾಗ ನಗು, ಕಿಚಾಯಿಸುವುದು, ಹಳೆಯದೆಲ್ಲ ಮತ್ತೆ ಬಂದ ಹಾಗಿತ್ತು. ಸಾಲು ಕರಗುತ್ತಾ ಬಂತು. ಮೇಘಶ್ರೀ ನನ್ನ ಕೈ ಹಿಡಿದಿದ್ದಳು. ಅವಳ ಕೈ ತಣ್ಣಗಿತ್ತು.

ಕೊನೆಗೆ ಒಂದೇ ಗುಡ್ಡೆ ಉಳಿಯಿತು. ಗುಡ್ಡೆ ಎತ್ತಿಕೊಂಡು ಹೊರಟಿದ್ದ ಹೆಂಗಸರೂ ಎಲೆ ಹಿಡಿದುಕೊಂಡೇ ನಿಂತುಬಿಟ್ಟರು. ನಂಜಯ್ಯ ಮೆಲ್ಲಗೆ ಕೋಲು ಕುಟ್ಟಿದ. ಅವನ ದನಿಯೂ ಇಳಿದಿತ್ತು.

"ಈ ಗುಡ್ಡೆ ಯಾರ್ಗೆ, ಬೀರಾ?"

ಅಪ್ಪನ ಬೆನ್ನು ಅಲುಗಲಿಲ್ಲ. ಕಂಬಳಿ ಹೆಗಲಿನಿಂದ ಜಾರಿತು, ಎಳೆದುಕೊಳ್ಳಲಿಲ್ಲ. ಮೇಘಶ್ರೀ ಎನ್ನು ಅಪ್ಪ, ಮೇಘಶ್ರೀ ಎನ್ನು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಪುಟ್ಟಲಕ್ಷ್ಮೀಗೇ!"

ಕೆರೆಯ ಆಚೆ ದಡ ಅದನ್ನು ತಿರುಗಿ ಕೂಗಿತು. ಕೂಗಿದ ಮೇಲೆ ಅವನಿಗೆ ಏನು ಕೂಗಿದೆನೆಂದು ಗೊತ್ತಾಗಿರಬೇಕು, ಕತ್ತು ಕೆಳಗಾಯಿತು. ಸುದರ್ಶನ ಫೋಟೋ ತೆಗೆಯುತ್ತಿದ್ದ ಫೋನನ್ನು ಜೇಬಿಗೆ ಹಾಕಿದ. ನಾನೇ ಹೋಗಿ ಎತ್ತಿಕೊಳ್ಳಬೇಕೆಂದು ಒಂದು ಹೆಜ್ಜೆ ಇಟ್ಟೆ.

ಆಗ ನನ್ನ ಕೈಯಿಂದ ಆ ತಣ್ಣನೆಯ ಕೈ ಬಿಡಿಸಿಕೊಂಡಿತು.

"ಬಂದೆ, ಮಾವ."

ಮೇಘಶ್ರೀ ತಲೆ ಬಗ್ಗಿಸಿಕೊಂಡೇ ಹೋಗಿ, ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅಪ್ಪ ತಿರುಗಿದ. ಗುಡ್ಡೆಯನ್ನು ನೋಡಿದ, ಅವಳ ಮುಖವನ್ನು ನೋಡಿದ. ಮೂಗನ್ನು ಕಂಬಳಿಯಿಂದ ಒರೆಸಿಕೊಂಡ.

"ಉಪ್ಪು ವಸಿ ಕಮ್ಮಿ ಆಕವ್ವ. ಅವಳಂಗೆ ಸುರೀಬ್ಯಾಡ" ಎಂದ.

ಊರೆಲ್ಲ ಗೊಳ್ಳೆಂದಿತು. ಮೇಘಶ್ರೀಯೂ ನಕ್ಕಳು. ಅವತ್ತು ಅವಳು ಮಾಡಿದ ಸಾರಿನಲ್ಲಿ ಒಂದು ಮೂಳೆಯೂ ದಂಡವಾಗಲಿಲ್ಲ. ಉಂಡ ಮೇಲೆ ಅಪ್ಪ ಆ ಎಲೆಯನ್ನು ತಾನೇ ತೊಳೆದು, ತಿಪ್ಪೆಗೆ ಒಯ್ದು ಹಾಕಿ, ಮೇಲೆ ಒಂದು ಮಂಕರಿ ಗೊಬ್ಬರ ಸುರಿದು ಬಂದ. ರಾಗಿ ಹೊಲಕ್ಕೆ ಹೋಗುವ ಗೊಬ್ಬರ ಅದು. ಅಷ್ಟು ಹೊತ್ತಿಗೆ ನಾನು ಹಿತ್ತಿಲಲ್ಲಿ ನಿಂತು ಅತ್ತುಬಿಟ್ಟಿದ್ದೆ. ತೊಡಕಿನ ದಿನ ಅಳಬಾರದು ಎಂದು ನನಗೂ ಗೊತ್ತು ಕಣವ್ವ. ವರ್ಷವೆಲ್ಲ ಅಳಬೇಕಾದರೆ ಅಳುತ್ತೇನೆ, ಏನೀಗ?